ಹಮಾಲಿಯ ಕಾಲು

ಮಾರ್ಚ್ 4

ಅತ್ತೆ ಇವತ್ತು ಆಸ್ಪತ್ರೆಯಿಂದ ಮನೆಗೆ ಬಂದರು. ಬಲಗಡೆ ಸೊಂಟದ ಕೀಲು ತೆಗೆದು ಲೋಹದ್ದು ಕೂರಿಸಿದ್ದಾರೆ. ಕಾರಿನಿಂದ ಇಳಿಯುವಾಗಲೇ, ಇನ್ನು ಮೇಲೆ ಗುಜರಿಯವನು ಬಂದಾಗ ನನ್ನನ್ನು ಒಳಗಿಡ್ರಪ್ಪ, ತೂಕಕ್ಕೆ ಹಾಕಿಬಿಟ್ಟಾನು ಎಂದು ನಗಿಸಿದರು. ನಗು ಅಲ್ಲಿಗೇ ಮುಗಿಯಿತು. ಫಿಸಿಯೋ ಹುಡುಗಿ ವಾಕರ್ ತಂದು ಮುಂದಿಟ್ಟಳು. ಮಂಚದ ಅಂಚು ಹಿಡಿದು ಕೂತವರು ಜಪ್ಪಯ್ಯ ಎಂದರೂ ಏಳಲಿಲ್ಲ. ಬಿದ್ದುಬಿಡುತ್ತೇನೆ ಎಂಬ ಭಯ. ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು ಊರಿನವರ ಅಳತೆ ತೆಗೆದ ಹೆಂಗಸು, ಎರಡು ಹೆಜ್ಜೆಗೆ ಹೆದರಿ ಕೂತದ್ದನ್ನು ನೋಡಲಾಗಲಿಲ್ಲ.

ಫಿಸಿಯೋ ಬಾಗಿಲಲ್ಲಿ ನಿಂತು ನನಗೂ ನಮ್ಮ ಯಜಮಾನರಿಗೂ ನೇರವಾಗಿ ಹೇಳಿದಳು. ದಿನಾ ನಡೆದರೆ ಆರು ತಿಂಗಳಲ್ಲಿ ಬೀದಿ ಸುತ್ತುತ್ತಾರೆ, ಮಲಗಿಯೇ ಇದ್ದರೆ ತೊಡೆಯ ಮಾಂಸ ಕರಗಿ ಮಂಚವೇ ಗತಿ. ಇವರು ಉಗುರು ಕಚ್ಚುತ್ತ ನನ್ನ ಮುಖ ನೋಡಿದರು. ಹಗಲೆಲ್ಲ ಮನೆಯಲ್ಲಿರುವವಳು ನಾನು ತಾನೆ.

ಮಾರ್ಚ್ 6

ಉಪಾಯ ಸಿಕ್ಕಿತು. ಏಳು ವರ್ಷದಿಂದ ನಾನು ಒಂದು ಜಪಾನಿ ಚಿತ್ರಕಥೆಯನ್ನು, ಕಾಮಿಕ್ಸ್ ಅನ್ನುತ್ತಾರಲ್ಲ ಅದನ್ನು, ಕನ್ನಡಕ್ಕೆ ಅನುವಾದ ಮಾಡುತ್ತಿದ್ದೇನೆ. ಹತ್ತು ಸಂಪುಟ ಬಂದಿವೆ. ಪ್ರಕಾಶಕರಿಗೆ ಕಳಿಸುವ ಮೊದಲು ಚಿತ್ರದ ಪಾತ್ರಗಳ ಬಾಯಿಯ ಪಕ್ಕದ ಪ್ರತಿ ಮಾತಿನ ಗುಳ್ಳೆಯನ್ನೂ ಅತ್ತೆಗೆ ಗಟ್ಟಿಯಾಗಿ ಓದಿ ಹೇಳುವುದು ನನ್ನ ಪದ್ಧತಿ. ಜಪಾನಿನವರ ಗುಳ್ಳೆಗಳು ಉದ್ದುದ್ದ, ನಮ್ಮ ಪದಗಳು ಅಡ್ಡಡ್ಡ. ಯಾವ ಮಾತು ಕತ್ತರಿಸಬೇಕು ಎಂದು ಅವರಷ್ಟು ಚೆನ್ನಾಗಿ ಹೇಳುವವರಿಲ್ಲ. "ಜನ ಹೀಗೆ ಮಾತಾಡ್ತಾರೇನೇ?" ಎಂದರೆ ಮುಗಿಯಿತು, ನಾನು ತಿದ್ದುತ್ತೇನೆ. ಬಟ್ಟೆ ಕತ್ತರಿಸಿದ ಕೈ.

ಕಥೆಯಲ್ಲಿ ಒಬ್ಬ ಮೂಳೆ ಕೂಡಿಸುವ ವೈದ್ಯೆ ಯುದ್ಧದಲ್ಲಿ ಕಳೆದುಹೋದ ಮಗನನ್ನು ಹುಡುಕಿಕೊಂಡು ಸಮುದ್ರದ ಕಡೆಗೆ ನಡೆಯುತ್ತಾಳೆ. ಅವಳ ಔಷಧಿ ಪೆಟ್ಟಿಗೆ ಹೊರುವವನು ಒಬ್ಬ ಕುಂಟ ಹಮಾಲಿ. ಎಲ್ಲರೂ ವೈದ್ಯೆಗಾಗಿ ಓದಿದರೆ ಅತ್ತೆ ಹಮಾಲಿಗಾಗಿ ಓದುತ್ತಾರೆ. ನನ್ನ ಹಮಾಲಿ ಅನ್ನುತ್ತಾರೆ.

ಇವತ್ತು ಹೇಳಿದೆ: ಹಜಾರದಿಂದ ಅಡುಗೆಮನೆಗೆ ಹತ್ತು ಸುತ್ತು ಹಾಕಿ, ಹನ್ನೊಂದನೇ ಸಂಪುಟದ ಒಂದು ಅಧ್ಯಾಯ ನಿಮ್ಮದು. ನನ್ನನ್ನು ಕೆಕ್ಕರಿಸಿ ನೋಡಿದರು. ಆಮೇಲೆ ವಾಕರ್‌ಗೆ ಕೈ ಚಾಚಿದರು. "ಅವನು ಪೆಟ್ಟಿಗೆ ಹೊತ್ಕೊಂಡು ಬೆಟ್ಟ ಹತ್ತುತ್ತಾನೆ, ನಾನು ಅಡುಗೆಮನೆಗೆ ಹೋಗಕ್ಕಾಗಲ್ವಾ?"

ನಾಲ್ಕು ಸುತ್ತು ಹಾಕಿದರು. ಇಡೀ ಅಧ್ಯಾಯ ಓದಿಬಿಟ್ಟೆ. ಲೆಕ್ಕ ಹಿಡಿಯುವಷ್ಟು ಕಲ್ಲುಮನಸ್ಸು ನನ್ನದಲ್ಲ.

ಮಾರ್ಚ್ 17

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪ್ರಕಾಶಕರು ಫೋನ್ ಮಾಡಿದ್ದರು. ಜಪಾನಿನ ಮೂಲ ಸಂಸ್ಥೆ ಮಾರಾಟವಾಗಿದೆಯಂತೆ. ಕೊಂಡವರಿಗೂ ಕಲಾವಿದರಿಗೂ ಹಕ್ಕಿನ ಜಗಳ ಶುರುವಾಗಿ, ಹೊರದೇಶಗಳ ಪರವಾನಗಿಯನ್ನೆಲ್ಲ ತಡೆಹಿಡಿದಿದ್ದಾರೆ. ನಮ್ಮಂಥ ಸಣ್ಣ ಭಾಷೆಯವರಿಗೆ ಒಂದು ಸಾಲಿನ ಪತ್ರ. ಹನ್ನೊಂದನೇ ಸಂಪುಟ ಅಚ್ಚಿಗೆ ಹೋಗುವುದಿಲ್ಲ. ಹಳೆಯ ಸಂಪುಟಗಳನ್ನೂ ಮತ್ತೆ ಮುದ್ರಿಸುವಂತಿಲ್ಲ. ನನಗೆ ಬೇರೆ ಕೆಲಸ ಸದ್ಯಕ್ಕಿಲ್ಲ ಎಂದು ತುಂಬ ಮೃದುವಾಗಿ ಹೇಳಿದರು. ಆನೆ ಜಗಳದಲ್ಲಿ ಹುಲ್ಲು ನಾಶ.

ಅತ್ತೆಗೆ ಹೇಳಿದೆ. ಮೊದಲು ಕೇಳಿದ್ದು ನನ್ನ ಕೆಲಸದ ಬಗ್ಗೆ ಅಲ್ಲ. "ಹಾಗಾದ್ರೆ ನನ್ನ ಹಮಾಲಿ?"

ಕಥೆ ಧಾರಾವಾಹಿಯಾಗಿ ಬರುವ ಜಪಾನಿನ ಮಾಸಪತ್ರಿಕೆ ನನಗೆ ಅಂಚೆಯಲ್ಲಿ ಇನ್ನೂ ಬರುತ್ತದೆ ಅತ್ತೆ, ಅದರಲ್ಲಿ ಬಂದದ್ದನ್ನು ಓದಿ ಹೇಳುತ್ತೇನೆ ಎಂದು ಸಮಾಧಾನ ಮಾಡಿದೆ.

ಮಾರ್ಚ್ 24

ಪ್ರಕಾಶಕರ ಕಚೇರಿಗೆ ಹೋಗಿ ನನ್ನ ನಿಘಂಟು ತಂದೆ. ಮೆಟ್ಟಿಲಲ್ಲಿ ಒಬ್ಬ ಬಸ್ ಕಂಡಕ್ಟರ್ ಕೂತಿದ್ದ. ಇದು ಮೂರನೇ ದಿನವಂತೆ, ಪಾಳಿ ಮುಗಿಸಿ ಬಂದು ಕೂರುತ್ತಾನೆ. ಟಿಕೆಟ್ ಚೀಲದ ಮೇಲೆ ಹಮಾಲಿಯ ಚಿತ್ರ ಅಂಟಿಸಿಕೊಂಡಿದ್ದಾನೆ. ನಾನೇ ಅನುವಾದಕಿ ಎಂದು ತಿಳಿದಾಗ ಎದ್ದು ನಿಂತ. ಮುಂದೇನಾಯಿತು ಮೇಡಂ ಎಂದ. ಪಾಪ ಅನ್ನಿಸಿ, ಅವನು ಕಣಿವೆ ದಾಟಿದ, ಚೆನ್ನಾಗಿದ್ದಾನೆ ಎಂದು ಹೇಳಿದೆ. ಅವನ ಕಣ್ಣಲ್ಲಿ ನೀರು ಬಂತು. ಇಷ್ಟು ದೊಡ್ಡ ಗಂಡಸು. ವಾಪಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ನೆನೆಸಿಕೊಂಡೆ. ಇಡೀ ಊರಿನಲ್ಲಿ ಮುಂದಿನ ಕಥೆ ಗೊತ್ತಿರುವವಳು ನಾನೊಬ್ಬಳೇ.

ಏಪ್ರಿಲ್ 11

ಪತ್ರಿಕೆ ಬಂತು. ಕೊನೆಯ ಪುಟದಲ್ಲಿ ಚೌಕಟ್ಟು ಹಾಕಿ ಕ್ಷಮಾಪಣೆ: ಇದೇ ಕಡೆಯ ಸಂಚಿಕೆ. ಕಥೆ ನದಿಯ ದಡದಲ್ಲಿ ನಿಂತಿದೆ. ಮಂಜು, ಒಂದು ಹಗ್ಗದ ಸೇತುವೆ, ಹಮಾಲಿ ಒಂದು ಕಾಲು ಹಲಗೆಯ ಮೇಲಿಟ್ಟಿದ್ದಾನೆ. ಅಷ್ಟೆ.

ಅತ್ತೆ ಹನ್ನೆರಡು ಸುತ್ತು ಹಾಕಿ ಕಾಯುತ್ತಿದ್ದರು. ಸೇತುವೆಯವರೆಗೆ ಓದಿದೆ. ಪತ್ರಿಕೆ ನಿಂತದ್ದನ್ನು ಹೇಳಲು ಬಾಯಿ ಬರಲಿಲ್ಲ.

ಏಪ್ರಿಲ್ 26

ಪತ್ರಿಕೆ ನಿಂತದ್ದನ್ನು ಹೇಳದೆಯೇ ಕಥೆಯನ್ನು ನಾನೇ ಮುಂದುವರಿಸಿದೆ. ಹಳೆಯ ಸಂಚಿಕೆಯನ್ನು ಮಡಿಲಲ್ಲಿಟ್ಟುಕೊಂಡು ಸೇತುವೆ ದಾಟಿಸಿದೆ, ಆ ಕಡೆ ಒಂದು ಹಳ್ಳಿ ಕಟ್ಟಿದೆ, ವೈದ್ಯೆಗೆ ಮುರಿದ ಮೂರು ಕೈ ಒಪ್ಪಿಸಿದೆ. ಅತ್ತೆ ಬಾಯಿ ಬಿಟ್ಟುಕೊಂಡು ಕೇಳಿದರು. ಇಷ್ಟು ವರ್ಷ ಇನ್ನೊಬ್ಬರ ಗುಳ್ಳೆಗೆ ಮಾತು ತುಂಬಿದೆ. ನನ್ನದೇ ಮಾತು ಹೀಗೆ ನೀರಿನಂತೆ ಬರುತ್ತದೆ ಎಂದು ಗೊತ್ತೇ ಇರಲಿಲ್ಲ. ಅವರ ಒಳ್ಳೆಯದಕ್ಕೆ ತಾನೆ.

ಮೇ 9

ಮೂವತ್ತೊಂದು ಸುತ್ತು! ವಾಕರ್ ಬಿಟ್ಟು ಕೋಲು ಹಿಡಿದು ಗೇಟಿನವರೆಗೂ ಹೋಗಿ ಬಂದರು. ಫಿಸಿಯೋ ನನ್ನ ಕೈ ಕುಲುಕಿದಳು. ಇವರು ಸಂಜೆ ಬಂದು ಅಮ್ಮನನ್ನು ಗೇಟಿನ ಬಳಿ ನೋಡಿ ಅಲ್ಲೇ ನಿಂತುಬಿಟ್ಟರು. ಎಲ್ಲರೂ ಅತ್ತೆಯ ಛಲವನ್ನು ಹೊಗಳಿದರು.

ಮೇ 23

ಅತ್ತೆಗೆ ಈಚೆಗೆ ಏನು ಹೇಳಿದರೂ ಕೊಂಕು. ಹಮಾಲಿ ಹೀಗೆಲ್ಲ ಉದ್ದುದ್ದ ಮಾತಾಡುವವನಲ್ಲ ಎಂದರು. ವೈದ್ಯೆಗೆ ಮಗ ಮರೆತೇಹೋದ ಹಾಗಿದೆ ಎಂದರು. ಮಧ್ಯಾಹ್ನ ಕೋಲು ಊರಿಕೊಂಡು ಬಂದು, "ಯಾಕೋ ಬರೆಯೋನು ಸುಸ್ತಾಗಿದ್ದಾನೆ ಕಣೇ. ಮೊದಲಿನ ಕೈ ಅಲ್ಲ ಇದು" ಎಂದರು. ನಾನು ಪಾತ್ರೆ ತೊಳೆಯುತ್ತಿದ್ದೆ. ಇರಬಹುದು ಅತ್ತೆ ಎಂದೆ. ಒಂದು ತಟ್ಟೆ ಕೈಜಾರಿ ಒಡೆಯಿತು.

ಜೂನ್ 2

ಶಿಸ್ತು ಬೇಕು. ನಲವತ್ತು ಸುತ್ತಿಗೆ ಒಂದು ಅಧ್ಯಾಯ ಎಂದು ಮಾಡಿದ್ದೇನೆ. ನಡುವೆ ಟೀಕೆ ಮಾಡಿದರೆ ಐದು ಸುತ್ತು ಹೆಚ್ಚು. ಇವತ್ತು ಮೂವತ್ತೆಂಟಕ್ಕೆ ಸುಸ್ತಾಗಿ ಕುರ್ಚಿ ಹಿಡಿದರು. ಇನ್ನೆರಡು ತಾನೆ, ಬಿಡೇ, ಓದೇ ಎಂದು ಅಂಗಲಾಚಿದರು. ಓದಲಿಲ್ಲ. ವ್ಯಾಯಾಮದಲ್ಲಿ ದಾಕ್ಷಿಣ್ಯ ಸಲ್ಲದು ಎಂದು ಫಿಸಿಯೋ ಕೂಡ ಹೇಳುತ್ತಾಳೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಅವರೇ ಎಷ್ಟು ಸಲ ತಮಾಷೆ ಮಾಡಿಲ್ಲ!

ಜೂನ್ 12

ಅತ್ತೆ ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಕದ್ದು ಕೇಳಿದ್ದಲ್ಲ, ಬಟ್ಟೆ ಮಡಚುತ್ತಿದ್ದೆ. ನನ್ನ ನಾದಿನಿ ಏನು ಕೇಳಿದಳೋ, ಅತ್ತೆ ಎಂದರು: "ಅವಳಿಗೇನಮ್ಮ, ಕೆಲಸವಿಲ್ಲ ಕಾರ್ಯವಿಲ್ಲ, ಖಾಲಿ ಕೂತಿರ್ತಾಳೆ. ನನಗೊಂದು ಕಥೆ ಹೇಳ್ಕೊಂಡು ಹೊತ್ತು ಕಳೀತಾಳೆ."

ಖಾಲಿ ಕೂತಿರುತ್ತಾಳೆ.

ಮಧ್ಯಾಹ್ನ ನಲವತ್ತು ಸುತ್ತು ಹಾಕಲು ಎದ್ದರು. ಕಾಯಿಸಲಿಲ್ಲ, ಇಪ್ಪತ್ತನೇ ಸುತ್ತಿನಲ್ಲೇ ಪತ್ರಿಕೆ ತೆರೆದೆ. ಅವರು ಅಡುಗೆಮನೆಯ ಬಾಗಿಲು ದಾಟುತ್ತಿದ್ದರು. ಹಮಾಲಿ ಒದ್ದೆ ಬಂಡೆಯ ಮೇಲೆ ಕುಂಟುಕಾಲು ಇಟ್ಟ, ಕಾಲು ಜಾರಿತು, ಪೆಟ್ಟಿಗೆಯ ಭಾರಕ್ಕೆ ಹಿಂದಕ್ಕೆ ಬಿದ್ದ, ತಲೆ ಒಡೆಯಿತು, ಸತ್ತ ಎಂದು ಓದಿದೆ. ಐದೇ ಗುಳ್ಳೆಯಷ್ಟು ಮಾತು. ಚಿಕ್ಕದಾಗಿ, ಚೊಕ್ಕವಾಗಿ. ಬರೆಯುವವನು ಸುಸ್ತಾಗಿದ್ದಾನೆ ಎಂದು ಈಗ ಹೇಳಲಿ ನೋಡೋಣ.

ಅತ್ತೆ ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. "ಯಾವ ಕಾಲು ಜಾರ್ತು?"

"ಅದೇ, ಕುಂಟುಕಾಲು."

ಇವರು ಬರುವವರೆಗೂ ಅತ್ತೆ ಹಾಗೇ ಹಿಡಿದುಕೊಂಡು ನಿಂತಿದ್ದರು. ಇಬ್ಬರು ಸೇರಿ ಬೆರಳು ಬಿಡಿಸಬೇಕಾಯಿತು.

ಜೂನ್ 13

ಎದ್ದಿಲ್ಲ. ಮುನಿಸು.

ಜೂನ್ 20

ಒಂದು ವಾರ ಆಯಿತು. ಸಣ್ಣ ಮಕ್ಕಳೂ ಇಷ್ಟು ಹಟ ಮಾಡುವುದಿಲ್ಲ. ಒಂದು ಚಿತ್ರದ ಬೊಂಬೆ ಸತ್ತರೆ ಯಾರಾದರೂ ಮಂಚ ಹಿಡಿಯುತ್ತಾರೆಯೇ! ಕೋಲು ಕೊಟ್ಟರೆ ಮಂಚದ ಕೆಳಗೆ ತಳ್ಳುತ್ತಾರೆ. ಅಷ್ಟು ಬೆಟ್ಟ ಹತ್ತಿದವನೇ ಬಿದ್ದ ಮೇಲೆ ನನ್ನದೇನು ಎನ್ನುತ್ತಾರೆ.

ಇವರು ನನ್ನನ್ನು ಹಿತ್ತಿಲಿಗೆ ಕರೆದು ಮೆತ್ತಗೆ ಕೇಳಿದರು. ಮುಂದಿನ ಅಧ್ಯಾಯದಲ್ಲಿ ಅವನು ಬದುಕಿದ ಅಂತ ಸುಳ್ಳೇ ಓದಿಬಿಡು, ಅಮ್ಮನಿಗೆ ಏನು ಜಪಾನಿ ಬರುತ್ತಾ ಎಂದರು. ನನಗೆ ನಿಜಕ್ಕೂ ಬೇಸರವಾಯಿತು. ಹದಿನೈದು ವರ್ಷ ಸಂಸಾರ ಮಾಡಿ ಹೆಂಡತಿಯ ವೃತ್ತಿ ಏನೆಂದು ಇವರಿಗೆ ಅರ್ಥವಾಗಿಲ್ಲ. "ನಾನು ಅನುವಾದಕಿ. ಮೂಲದಲ್ಲಿ ಇಲ್ಲದ್ದನ್ನು ಸೇರಿಸೋದು ನನ್ನ ಕೈಯಲ್ಲಿ ಆಗಲ್ಲ" ಎಂದೆ. ತಲೆ ತಗ್ಗಿಸಿ ಒಳಗೆ ಹೋದರು. ಹೇಳಿದ ಮೇಲೆ ನನಗೇ ಎಷ್ಟೋ ಹಗುರವಾಯಿತು.

ಜುಲೈ 8

ಫಿಸಿಯೋ ಬಂದು ತೊಡೆಯ ಸುತ್ತಳತೆ ಟೇಪಿನಲ್ಲಿ ತೆಗೆದಳು. ಮೂರು ಸೆಂಟಿಮೀಟರ್ ಇಳಿದಿದೆ. ಅತ್ತೆ ಟೇಪನ್ನೇ ನೋಡುತ್ತಿದ್ದರು. "ಇನ್ನೊಂದ್ಸಲ ಹಿಡಿಯಮ್ಮ, ಟೇಪು ಓರೆಯಾಗಿದೆ" ಎಂದರು. ಎರಡನೇ ಸಲವೂ ಅಷ್ಟೇ ಇತ್ತು.

ಜುಲೈ 30

ಮಾರುಕಟ್ಟೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಸಿಕ್ಕ. ಜನ ಹೊರದೇಶದ ಜಾಲತಾಣಗಳಲ್ಲಿ ಕದ್ದ ಪುಟ ಹುಡುಕುತ್ತಿದ್ದಾರಂತೆ, ಸಿಕ್ಕಿದರೂ ಓದಲು ಬಾರದು. ನದಿಯ ಸೇತುವೆಯ ಪುಟದಲ್ಲೇ ಎಲ್ಲರೂ ನಿಂತಿದ್ದಾರೆ. ದಯವಿಟ್ಟು ಒಂದು ಮಾತು ಹೇಳಿ ಮೇಡಂ, ಅವನು ದಾಟಿದನಾ ಎಂದ. ಇಳಿಯುವಾಗ, ಗೊತ್ತು, ಆದರೆ ಹೇಳುವುದಿಲ್ಲ ಎಂದೆ. ಅವನ ಮುಖ ನೋಡಬೇಕಿತ್ತು. ಬಹಳ ದಿನದ ಮೇಲೆ ಬಾಯ್ತುಂಬ ನಕ್ಕೆ.

ಆಗಸ್ಟ್ 19

ಮನೆ ಈಗ ಶಾಂತವಾಗಿದೆ. ಅತ್ತೆ ಏನನ್ನೂ ಕೇಳುವುದಿಲ್ಲ. ಕೋಲು ಊರುವ ಸದ್ದಿಲ್ಲ. ಮಂಚದ ಪಕ್ಕ ಬೆಡ್‌ಪ್ಯಾನ್ ಬಂದಿದೆ. ನಾನೇ ತೆಗೆಯುತ್ತೇನೆ, ಒಂದು ದಿನವೂ ಮುಖ ಸಿಂಡರಿಸಿಲ್ಲ. ನೆರೆಯವರು ಇಂಥ ಸೊಸೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎನ್ನುತ್ತಾರೆ.

ಸೆಪ್ಟೆಂಬರ್ 9

ಪ್ರಕಾಶಕರ ಫೋನ್! ಹಕ್ಕಿನ ಜಗಳ ಬಗೆಹರಿದಿದೆ. ಪತ್ರಿಕೆ ನಿಂತರೂ ಕಲಾವಿದರು ಮನೆಯಲ್ಲೇ ಕೂತು ಕಥೆ ಮುಗಿಸಿದ್ದಾರಂತೆ. ಹನ್ನೊಂದು ಮತ್ತು ಹನ್ನೆರಡು, ಎರಡೂ ಒಟ್ಟಿಗೆ ತರಬೇಕು. ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ ಎಂದರು. ಖಾಲಿ ಕೂತಿರುವವಳನ್ನು ಬಿಟ್ಟರೆ ಯಾರಿದ್ದಾರೆ!

ಸೆಪ್ಟೆಂಬರ್ 14

ಪುಟಗಳು ಬಂದವು. ಒಂದೇ ಉಸಿರಿಗೆ ಓದಿದೆ.

ಹಮಾಲಿ ಸೇತುವೆ ದಾಟುತ್ತಾನೆ. ಸಾಯುವುದಿಲ್ಲ. ಹನ್ನೆರಡನೇ ಸಂಪುಟದಲ್ಲಿ ವೈದ್ಯೆ ಅವನ ಕಾಲಿನಲ್ಲಿ ಹಿಂದೆ ಓರೆಯಾಗಿ ಕೂಡಿದ್ದ ಮೂಳೆಯನ್ನು ಮತ್ತೆ ಮುರಿದು ನೆಟ್ಟಗೆ ಕೂಡಿಸುತ್ತಾಳೆ. ಚಳಿಗಾಲವಿಡೀ ಅವನು ಮಲಗಿ, ಆಮೇಲೆ ಗೋಡೆ ಹಿಡಿದು ಮಗುವಿನಂತೆ ನಡೆಯುವುದು ಕಲಿಯುತ್ತಾನೆ. ಅವಳಿಗೆ ಮಗ ಸಿಗುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ಅವಳು ಒಬ್ಬಳೇ ಸಮುದ್ರದ ಮುಂದೆ ಕೂತಿರುವಾಗ ಹಿಂದಿನಿಂದ ಹಮಾಲಿ ಪೆಟ್ಟಿಗೆ ಹೊತ್ತು ಕುಂಟದೆ ನಡೆದು ಬರುತ್ತಾನೆ.

ತುಂಬ ಚೆನ್ನಾಗಿದೆ. ನನ್ನದಕ್ಕಿಂತ ಚೆನ್ನಾಗಿದೆ ಎಂದೇನೂ ಅಲ್ಲ. ಬೇರೆ ಥರ.

ಸೆಪ್ಟೆಂಬರ್ 16

ಫಿಸಿಯೋ ಬಂದಿದ್ದಳು. ಈ ತಿಂಗಳು ಏಳಿಸಿದರೆ ಇನ್ನೂ ಆಸೆಯಿದೆ, ಇದು ತಪ್ಪಿದರೆ ನನ್ನನ್ನು ಕರೆಯಬೇಡಿ ಎಂದಳು. ಇವರು ಅಡುಗೆಮನೆಯಲ್ಲಿ ಮುಖ ತೊಳೆಯುವ ನೆಪದಲ್ಲಿ ಅತ್ತರು.

ಹೇಳಬಹುದು. ಪುಸ್ತಕ ಮಾಡುವಾಗ ಕಲಾವಿದರು ಪತ್ರಿಕೆಯಲ್ಲಿ ಬಂದದ್ದನ್ನು ತಿದ್ದುವುದುಂಟು, ಅತ್ತೆಗೂ ಅದು ಗೊತ್ತು. ತಿದ್ದಿದ್ದಾರೆ ಅತ್ತೆ, ಬದುಕಿದ್ದಾನೆ, ನಡೆಯುತ್ತಿದ್ದಾನೆ ಎಂದರೆ ಸಾಕು, ಇವತ್ತೇ ಕಾಲು ಕೆಳಗಿಡುತ್ತಾರೆ. ಬಾಗಿಲವರೆಗೂ ಹೋಗಿದ್ದೆ. ಅತ್ತೆ ಗೋಡೆಯ ಕಡೆ ಮುಖ ಮಾಡಿದ್ದರು. ಆಮೇಲೆ ಇವರು ಕೇಳುತ್ತಾರೆ: ಜೂನಿನಲ್ಲಿ ನಾನು ಬೇಡಿಕೊಂಡೆನಲ್ಲ, ಆಗ ಯಾವ ಪತ್ರಿಕೆ ನೋಡಿ ಓದಿದೆ? ಸಂಚಿಕೆ ತೋರಿಸು. ನಾದಿನಿಗೆ ಗೊತ್ತಾಗುತ್ತದೆ. ಖಾಲಿ ಕೂತವಳು ಎಂದದ್ದು ಸಾಲದೆ ಸುಳ್ಳಿ ಎಂಬ ಹೆಸರೂ ಸೇರುತ್ತದೆ. ಇಷ್ಟು ತಿಂಗಳು ಬೆಡ್‌ಪ್ಯಾನ್ ತೆಗೆದದ್ದಕ್ಕೆ ಇದೇ ಬಹುಮಾನ.

ಅವರಿಗೆ ನೀರು ಕುಡಿಸಿ ಬಂದೆ.

ಸೆಪ್ಟೆಂಬರ್ 25

ಕೆಲಸ ಭರದಿಂದ ಸಾಗಿದೆ. ಚಿತ್ರ ಬದಲಿಸಲಾಗದು, ಆದರೆ ಚಿತ್ರದಲ್ಲಿ ಏನಿದೆ ಎಂದು ಹೇಳುವುದು ಗುಳ್ಳೆ ತಾನೆ. ಹನ್ನೊಂದರಲ್ಲಿ, ಸೇತುವೆ ದಾಟಿದ ಪುಟದ ಮೂಲೆಯಲ್ಲಿ ಒಂದು ಖಾಲಿ ಚೌಕವಿತ್ತು. ಅಲ್ಲಿ, ನದಿ ಅವನನ್ನು ಉಳಿಸಿಕೊಂಡಿತು, ಅಂದಿನಿಂದ ಅವಳು ನೆನಪಿನ ಜೊತೆ ನಡೆದಳು ಎಂದು ಸೇರಿಸಿದೆ. ಬಂಡೆ ಹೋಗಿ ನದಿಯಾದದ್ದನ್ನು ಕಲಾವಿದರ ತಿದ್ದುಪಡಿ ಎಂದರಾಯಿತು. ಆಮೇಲೆ ಹಮಾಲಿಯ ಗುಳ್ಳೆಗಳನ್ನೆಲ್ಲ ಖಾಲಿ ಬಿಟ್ಟೆ. ಚಿತ್ರದಲ್ಲಿ ಕಾಣುವವನು ಬರೀ ನೆನಪು, ಸತ್ತವರು ಮಾತಾಡುವುದಿಲ್ಲ. ವೈದ್ಯೆಯ ಮಾತುಗಳನ್ನು ಅಲ್ಲಲ್ಲಿ ತಿರುಗಿಸಿದೆ. ಕಡಲತೀರದಲ್ಲಿ ಅವಳು "ಬಂದೆಯಾ?" ಎನ್ನುವುದನ್ನು "ಬರುತ್ತಿದ್ದೆ ನೀನು, ಬದುಕಿದ್ದರೆ" ಎಂದು ಮಾಡಿದೆ. ಅದೇ ಗುಳ್ಳೆಯಲ್ಲಿ ಸರಿಯಾಗಿ ಕೂತಿತು.

ಈ ಸಲ ಯಾರಿಗೂ ಓದಿ ಹೇಳಲಿಲ್ಲ. ಕೇಳುವವರಿಗೆ ಆರೋಗ್ಯವಿಲ್ಲ.

ಅಕ್ಟೋಬರ್ 7

ಪ್ರಕಾಶಕರು ಆ ಖಾಲಿ ಗುಳ್ಳೆಗಳನ್ನು ಕಂಡು ಮೂಕರಾದರಂತೆ. ಎಂಥ ಧೈರ್ಯ ಈ ಕಲಾವಿದರದು, ಅದನ್ನು ಹಾಗೇ ಉಳಿಸಿಕೊಂಡ ನಿಮ್ಮ ನಿಷ್ಠೆ ದೊಡ್ಡದು ಎಂದರು. ಅವರಿಗೆ ಜಪಾನಿಯ ಒಂದಕ್ಷರ ಬರುವುದಿಲ್ಲ. ಆದರೂ ಹೊಗಳಿಕೆ ಹೊಗಳಿಕೆಯೇ.

ಫಿಸಿಯೋ ಈಗ ಬರುತ್ತಿಲ್ಲ.

ನವೆಂಬರ್ 28

ಪುಸ್ತಕ ಬಂತು. ಅಂಗಡಿಯ ಮುಂದೆ ಜನ ಸಾಲು ನಿಂತಿದ್ದರು. ಎಂಟು ತಿಂಗಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದವರು ಎರಡೂ ಸಂಪುಟ ಕೊಂಡು ಅಲ್ಲೇ ಮೆಟ್ಟಿಲ ಮೇಲೆ ಓದತೊಡಗಿದರು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಅಳುತ್ತಿದ್ದರು. ನಾನು ರಸ್ತೆಯ ಎದುರಿನ ಬದಿಯಿಂದ ನೋಡಿದೆ.

ಡಿಸೆಂಬರ್ 4

ಕಂಡಕ್ಟರನ ಪತ್ರ ಪ್ರಕಾಶಕರ ಮೂಲಕ ಬಂದಿದೆ. ಅವತ್ತು ಬಸ್ಸಿನಲ್ಲಿ ನೀವು ಹೇಳದೆ ಹೋದದ್ದು ಯಾಕೆಂದು ಈಗ ಗೊತ್ತಾಯಿತು ಮೇಡಂ, ನನ್ನ ಮನಸ್ಸು ನೋಯಿಸಬಾರದು ಎಂದು ನೀವೊಬ್ಬರೇ ಆ ನೋವು ಇಟ್ಟುಕೊಂಡಿರಿ ಎಂದು ಬರೆದಿದ್ದಾನೆ. ಚೀಲದ ಮೇಲಿನ ಚಿತ್ರ ಕಿತ್ತು ಹಾಕಿದನಂತೆ, ನೋಡಿದರೆ ತಡೆಯಲಾಗುವುದಿಲ್ಲವಂತೆ. ಒಳ್ಳೆಯ ಓದುಗ. ಪತ್ರವನ್ನು ಕಡತದಲ್ಲಿ ಹಾಕಿಟ್ಟೆ.

ಡಿಸೆಂಬರ್ 9

ಅತ್ತೆ ಇವತ್ತು ತಾವಾಗಿ ಕೇಳಿದರು, ಕೊನೇ ಪುಸ್ತಕ ಕೊಡು ಎಂದು. ದಿಂಬು ಏರಿಸಿ ಕೂರಿಸಿದೆ. ಜಪಾನಿನವರ ಕ್ರಮದಂತೆ, ನಾವು ಹಿಂಬದಿ ಎನ್ನುವ ಕಡೆಯಿಂದ ತೆರೆದು, ಬಲದಿಂದ ಎಡಕ್ಕೆ ಬೆರಳಾಡಿಸುತ್ತ ನಿಧಾನವಾಗಿ ಓದಿದರು. ಬೆಳಗ್ಗೆಯಿಂದ ಮೂರು ಗಂಟೆಯವರೆಗೆ. ನಾನು ಪಕ್ಕದಲ್ಲೇ ಕೂತು ಅವರ ಕಾಲುಗುರು ಕತ್ತರಿಸಿಕೊಟ್ಟೆ.

ಕಡಲತೀರದ ಪುಟದಲ್ಲಿ ಬೆರಳು ನಿಂತಿತು. ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದರು. ಹೊಲಿಗೆಯವರ ಕಣ್ಣು, ಕಾಲಿನ ಅಳತೆ ತಪ್ಪುವುದಿಲ್ಲ.

"ಇವನು ಕುಂಟ್ತಾ ಇಲ್ವಲ್ಲೇ. ಎರಡೂ ಕಾಲು ಸಮ ಇದೆ."

"ಸತ್ತ ಮೇಲೆ ಎಲ್ಲರ ಕಾಲೂ ಸರಿಹೋಗತ್ತೆ ಅತ್ತೆ."

ಇದು ಜನ ಮಾತಾಡುವ ಮಾತೇ ಎಂದು ಕೇಳುತ್ತಾರೇನೋ ಅಂದುಕೊಂಡೆ. ಕೇಳಲಿಲ್ಲ. ನನ್ನ ಮಾತನ್ನು ನಂಬಿದರು. ಪುಸ್ತಕ ಮುಚ್ಚಿ ಎದೆಯ ಮೇಲಿಟ್ಟುಕೊಂಡು, "ಹಾಗಿದ್ರೆ ಸರಿ ಬಿಡು. ಇನ್ನೆಷ್ಟು ದಿನ" ಎಂದರು.

ಸಂಜೆ ಊಟ ಬೇಡವೆಂದರು, ನೀರೂ ಬೇಡವೆಂದರು. ಮುಖ ಮಾತ್ರ ಹೂವಿನ ಹಾಗೆ ಅರಳಿತ್ತು. ಎಷ್ಟೋ ತಿಂಗಳ ಮೇಲೆ ಅವರನ್ನು ಇಷ್ಟು ನೆಮ್ಮದಿಯಾಗಿ ನೋಡಿದ್ದು. ಒಬ್ಬ ಅನುವಾದಕಿಗೆ ತನ್ನ ಮೊದಲ ಓದುಗರಿಂದ ಇದಕ್ಕಿಂತ ಹೆಚ್ಚೇನು ಬೇಕು.